ಬಾವಿ ಮೂವತ್ತೊಂದು ಗೇಣು

ಪ್ರಲ್ಹಾದರಾವ ಕೊರ್ಲಹಳ್ಳಿಯವರ ಬಾಯಿಂದ ನಾಲ್ಕು ಮಾತು ಹೊರಡಿಸುವುದಕ್ಕಿಂತ ಪುಣೆಯ ಭವಾನಿ ಪೇಠೆಯ ಗೋದಾಮಿನಿಂದ ನಾಲ್ಕು ಗಾಡಿ ಬೆಲ್ಲ ಹೊರಡಿಸುವುದು ಸುಲಭವಾಗಿತ್ತು. "ಊಟ ಆತೇನ್ರಿ?" ಎಂದರೆ "ಹೂಂ." "ಮಳಿ ಬರೂ ಹಂಗದ ಅಲ್ರಿ?" ಎಂದರೆ ಕತ್ತೆತ್ತಿ ಆಕಾಶ ನೋಡಿ, ಅದಕ್ಕೂ "ಹೂಂ." ಹತ್ತು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು, ಪಕ್ಕದ ಕೋಣೆಯಲ್ಲಿ ಬಾಳಿದ ನನಗೆ ಆ ಹೂಂಗಳಲ್ಲಿ ಎಷ್ಟು ಬಗೆ ಎಂಬುದು ಗೊತ್ತು. ಅವರ ವಿಷಯ ಬರೆಯುವವರು ಬೇರೆ ಯಾರೂ ಇಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ನನ್ನ ಹೆಸರು ಶ್ಯಾಮ, ಬೆಳಗಾವಿಯವನು. 1929ರಲ್ಲಿ ಪುಣೆಗೆ ಬಂದು ಮೋಹನದಾಸ್ ಶೇಠರ ಅಡತಿ ಅಂಗಡಿಯಲ್ಲಿ ಪ್ರಲ್ಹಾದರಾಯರ ಕೈಕೆಳಗೆ ಸೇರಿದೆ. ಬೆಲ್ಲ, ಅರಿಸಿನ, ಒಣಮೆಣಸಿನಕಾಯಿಗಳ ದಲ್ಲಾಳಿ ವ್ಯಾಪಾರ. ಸಾಂಗಲಿ, ಬ್ಯಾಡಗಿ, ಮುಂಬಯಿಗಳಿಗೆ ದಿನವೂ ತಂತಿ ಹೋಗುತ್ತಿತ್ತು, ಬರುತ್ತಿತ್ತು. ಆ ತಂತಿಗಳನ್ನು ಬರೆಯುವುದು, ಬಂದದ್ದನ್ನು ಬಿಡಿಸುವುದು, ಇದಿಷ್ಟೇ ರಾಯರ ಕೆಲಸ. ಇಷ್ಟಕ್ಕೆ ಒಬ್ಬ ಪೂರ್ತಿ ಮನುಷ್ಯ ಏಕೆ ಬೇಕು ಎಂದು ನಾನು ಮೊದಲ ದಿನ ಮನಸ್ಸಿನಲ್ಲೇ ನಕ್ಕಿದ್ದೆ.

ತಂತಿಗೆ ಶಬ್ದಕ್ಕಿಷ್ಟು ಎಂದು ಶುಲ್ಕ. ಮೇಲಾಗಿ ಅದು ನಾಲ್ಕಾರು ಕೈ ದಾಟಿ ಬರುವ ಕಾಗದ; ದಾರಿಯಲ್ಲಿ ಯಾರ ಕಣ್ಣು ಬೀಳುತ್ತದೋ ಹೇಳುವಂತಿಲ್ಲ. ಆದ್ದರಿಂದ ತಂತಿ ಚಿಕ್ಕದೂ ಇರಬೇಕು, ಗುಟ್ಟಾಗಿಯೂ ಇರಬೇಕು. ಚಿಕ್ಕದು ಮಾಡಲು ಒಂದು ದಪ್ಪ ಕೋಡ್ ಪುಸ್ತಕವಿತ್ತು. ಅದರಲ್ಲಿ ವ್ಯಾಪಾರದ ಸಾವಿರಾರು ವಾಕ್ಯಗಳು, ಒಂದೊಂದಕ್ಕೂ ಒಂದು ನಂಬರು, ನಂಬರಿನ ಎದುರು ಐದು ಅಕ್ಷರದ ಅರ್ಥವಿಲ್ಲದ ಶಬ್ದ. "ಮಾಲು ಒದ್ದೆಯಾಗಿದೆ, ಗಾಡಿಗೆ ಹೇರಬೇಡಿರಿ, ನಮ್ಮ ಮುಂದಿನ ತಂತಿಯವರೆಗೆ ಕಾಯಿರಿ" ಎಂಬುದೆಲ್ಲ ಒಂದೇ ಶಬ್ದ. ಆದರೆ ಆ ಪುಸ್ತಕ ಅಂಗಡಿಯಲ್ಲಿ ಸಿಗುವಂಥದು, ಎದುರಿನ ವ್ಯಾಪಾರಿಯ ಕಪಾಟಿನಲ್ಲೂ ಇತ್ತು. ಅದಕ್ಕೇ ಎರಡನೆಯ ಕೆಲಸ: ವಾಕ್ಯದ ನಂಬರಿಗೆ ನಮ್ಮ ನಮ್ಮಲ್ಲೇ ಗೊತ್ತುಮಾಡಿಕೊಂಡ ಆ ದಿನದ ಗುಟ್ಟಿನ ಅಂಕಿ ಕೂಡಿಸಿ, ಬಂದ ಹೊಸ ನಂಬರಿನ ಎದುರಿಗಿರುವ ಶಬ್ದವನ್ನು ಕಳಿಸುವುದು. ಗುಟ್ಟಿನ ಅಂಕಿ ಗೊತ್ತಿಲ್ಲದವನಿಗೆ ಪುಸ್ತಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸೇರಿದ ಎರಡನೆಯ ವಾರವೇ ನಾನು ನನ್ನ ಜಾಣತನ ತೋರಿಸಿದೆ. ಮೊದಲು ಸುದ್ದಿಯ ಒಂದೊಂದು ಅಕ್ಷರವನ್ನೂ ಗುಟ್ಟಿನ ಅಂಕಿಯಷ್ಟು ಮುಂದೆ ಸರಿಸಿ ಬೀಗ ಜಡಿದೆ. ಆಮೇಲೆ ಅದನ್ನು ಚಿಕ್ಕದು ಮಾಡಲು ಪುಸ್ತಕ ತೆರೆದೆ. ಒಂದೂ ಸಿಗಲಿಲ್ಲ. ಸಿಗುವುದಾದರೂ ಹೇಗೆ, ಅದು ಯಾವ ಭಾಷೆಯೂ ಆಗಿ ಉಳಿದಿರಲಿಲ್ಲ. ಹಾಗೇ ಕಳಿಸಿದೆ, ನಲವತ್ತಮೂರು ಶಬ್ದ. ಇದು ತಂತಿಯೋ ಪುರಾಣವೋ ಎಂದು ಶೇಠರು ಮರಾಠಿಯಲ್ಲಿ ಕೇಳಿದರು.

ಅವತ್ತು ರಾಯರು ನನ್ನೊಡನೆ ಆಡಿದ ಮಾತು ಆ ವರ್ಷದ ಅತಿ ಉದ್ದದ ಮಾತು. "ಶ್ಯಾಮ, ಹಾಸಿಗಿ ಮೊದಲ ಸುತ್ತಬೇಕು, ಆಮ್ಯಾಲೆ ಹಗ್ಗ ಬಿಗೀಬೇಕು. ಹಗ್ಗ ಬಿಗದ ಮ್ಯಾಲೆ ಸುತ್ತಾಕ ಬರೂದಿಲ್ಲ." ಮನುಷ್ಯರ ಮಾತಿನಲ್ಲಿ ಅದೇ ಅದೇ ಶಬ್ದಗಳು ತಿರುತಿರುಗಿ ಬರುತ್ತವೆ, ಅದರಲ್ಲಿ ಹಿಂಡಲು ಸಡಿಲು ಜಾಗವಿರುತ್ತದೆ. ಬೀಗ ಬಿದ್ದ ಮೇಲೆ ಒಂದು ಅಕ್ಷರ ಇನ್ನೊಂದರಂತೆ ಕಾಣುವುದಿಲ್ಲ, ಹಿಂಡಲು ಏನೂ ಉಳಿಯುವುದಿಲ್ಲ. ಇಷ್ಟನ್ನು ಒಂದು ಹಾಸಿಗೆಯಲ್ಲಿ ಸುತ್ತಿ ಹೇಳಿದರು.

ಆ ಮನುಷ್ಯ ಬದುಕನ್ನೂ ಹಾಗೇ ಹಿಂಡಿಟ್ಟಿದ್ದರು. ಎರಡು ಧೋತರ, ಒಂದು ತಾಟು, ಒಂದು ತಂಬಿಗೆ. ಕಸಬಾ ಪೇಠೆಯಲ್ಲಿ ರಂಗೂಬಾಯಿ ಎಂಬ ವಿಧವೆಯ ವಾಡೆಯ ಮೇಲಂತಸ್ತಿನ ಕೋಣೆ. ಸುದ್ದಿ ಇಲ್ಲದ ಶಬ್ದಕ್ಕೆ ಜಾಗ ಕೊಡಬಾರದು ಎಂಬುದು ಅವರ ಧರ್ಮ. ನಾನು ಬರೆದ ಪತ್ರಗಳಿಂದ ನಮಸ್ಕಾರಗಳನ್ನು ಹೊಡೆದುಹಾಕಿ, ಕ್ಷೇಮ ಸಮಾಚಾರವನ್ನು ಹೊಡೆದುಹಾಕಿ, ಕೊನೆಗೆ ಉಳಿದ ಒಂದು ಸಾಲನ್ನು ನನ್ನ ಕೈಗೆ ಕೊಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ರಂಗೂಬಾಯಿಯವರ ವಾಡೆಯಲ್ಲೇ ನನಗೂ ಒಂದು ಕೋಣೆ ಕೊಡಿಸಿದರು. ಅಲ್ಲಿಗೆ ಹೋದ ಮೇಲೆ ನಾನು ಕಂಡದ್ದು ಅವರ ಕೋಣೆಯ ಬಾಗಿಲ ಹಿಂದೆ ಅಂಟಿಸಿದ್ದ ಒಂದು ಹಳೆಯ ಕಾಗದ. ಅದರಲ್ಲಿ ಹದಿನಾರರಿಂದ ಮೂವತ್ತರವರೆಗೆ ನಂಬರು ಹಾಕಿದ ಹದಿನೈದು ಸಾಲು ಕನ್ನಡ. ಪ್ರತಿ ಆದಿತ್ಯವಾರ ಬೆಳಿಗ್ಗೆ ಚಹಾ ಹಿಡಿದು ಅದರ ಮುಂದೆ ಕೂರುವರು. ಒಂದು ತಾಸಾದ ಮೇಲೆ ಯಾವುದೋ ಒಂದು ಸಾಲಿನ ಮುಂದೆ ಸೀಸದ ಕಡ್ಡಿಯಿಂದ ಒಂದು ಚುಕ್ಕೆ ಇಟ್ಟು ಏಳುವರು. ಕೆಲವು ಸಾಲಿನ ಮುಂದೆ ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ಇದ್ದವು. ನಾನು ಯಾವುದೋ ವ್ರತ ಎಂದುಕೊಂಡೆ. ಒಂದು ದಿನ ಕೇಳಿಯೇ ಬಿಟ್ಟೆ.

"ಏನ್ರಿ ಇದು?"

"ಮನಿ ಮಾತು."

ಮುಂದಿನ ಕಥೆ ಅವರು ಒಂದೇ ದಿನ ಹೇಳಿದ್ದಲ್ಲ. ಏಳು ವರ್ಷದಲ್ಲಿ ತುಣುಕು ತುಣುಕಾಗಿ ಬಿದ್ದದ್ದನ್ನು ನಾನು ಜೋಡಿಸಿಕೊಂಡೆ.

ಅವರ ಮನೆ ಗೋಕಾಕದಲ್ಲಿ. ಹೆಂಡತಿ ಕೃಷ್ಣಾಬಾಯಿ 1910ರಲ್ಲಿ ಪುಣೆಗೆ ಬಂದು ಏಳು ತಿಂಗಳು ಸಂಸಾರ ಮಾಡಿದಳು. ಎಂಟನೆಯ ತಿಂಗಳು ಪೇಠೆಯಲ್ಲಿ ಇಲಿ ಬಿದ್ದವು. ಪ್ಲೇಗಿನ ಹೆದರಿಕೆಗೆ ರಾಯರು ಆಕೆಯನ್ನು ಗೋಕಾಕದಲ್ಲಿ ಬಿಟ್ಟು ಬಂದರು. ಪ್ಲೇಗು ಹೋಯಿತು, ಅಷ್ಟರಲ್ಲಿ ರಾಯರ ತಾಯಿಗೆ ಲಕ್ವ ಹೊಡೆದು ಮನೆಗೊಬ್ಬಳು ಹೆಣ್ಣುಮಗಳು ಬೇಕಾದಳು. ಮುಂದಿನ ವರ್ಷ ಕರೆತರುತ್ತೇನೆ, ಮುಂದಿನ ವರ್ಷ ಕರೆತರುತ್ತೇನೆ ಎನ್ನುತ್ತಲೇ ವರ್ಷಗಳು ಹೋದವು. ದೀಪಾವಳಿಗೆ ಐದು ದಿನ ರಜೆ. ಉಳಿದ ದಿನ ಗಂಡ ಇಲ್ಲಿ, ಹೆಂಡತಿ ಅಲ್ಲಿ.

ಪತ್ರ ಬರೆಯಬಹುದಿತ್ತಲ್ಲ ಎಂದು ಈಗಿನವರು ಕೇಳಬಹುದು. ಆಗ ಗಂಡ ಹೆಂಡತಿಗೆ ಪತ್ರ ಬರೆಯುವುದೆಂದರೆ ನಾಚಿಕೆಗೇಡು. ಕಾರ್ಡು ಮನೆಯ ಯಜಮಾನನ ಹೆಸರಿಗೆ ಬರಬೇಕು, ಅದನ್ನು ಅವನು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಬೇಕು, ನೆರೆಹೊರೆಯವರು ಕೇಳಬೇಕು. ಸೊಸೆ ಒಳಗೆ ಬೀಸುತ್ತ, ಕಿವಿಗೆ ಬಿದ್ದಷ್ಟನ್ನು ಕೇಳಿಕೊಳ್ಳಬೇಕು. ಒಂದು ಕಾರ್ಡಿನಷ್ಟೇ ಜಾಗ, ಓದುವ ಕಣ್ಣು ನೂರು. ರಾಯರಿಗೆ ಈ ಕಷ್ಟ ಹೊಸದಲ್ಲ, ದಿನವೂ ಅಂಗಡಿಯಲ್ಲಿ ಅವರು ಬಿಡಿಸುತ್ತಿದ್ದದ್ದು ಇದನ್ನೇ.

1912ರ ದೀಪಾವಳಿಯಲ್ಲಿ ಗಂಡಹೆಂಡಿರು ಕೂತು ಅರ್ಧ ಹಾಳೆಯ ಮೇಲೆ ಅರವತ್ತು ವಾಕ್ಯ ಬರೆದರು. ತಮಗೆ ಬೇಕಾಗುವ ಮಾತುಗಳೆಲ್ಲ ಅಷ್ಟರಲ್ಲಿ ಬರಬೇಕು. "ಆರಾಮ ಇದ್ದೀನಿ" ಎಂಬುದು ಒಂದನೆಯದು. ಒಂದು ವಾಕ್ಯದ ಮೇಲೆ ಮಾತ್ರ ಜಗಳವಾಯಿತಂತೆ. "ಇವತ್ತ ಏನೂ ಸುದ್ದಿ ಇಲ್ಲ" ಎಂಬುದನ್ನು ಸೇರಿಸಬೇಕೆಂದು ಆಕೆಯ ಹಟ.

"ಸುದ್ದಿ ಇಲ್ಲಂದ್ರ ಬರಿಯೂದ ಬ್ಯಾಡಲ್ಲ," ಎಂದರು ರಾಯರು.

"ಸುದ್ದಿ ಇಲ್ಲದ ದಿನಾನೂ ಒಂದ ದಿನ ಹೌದಲ್ರಿ?" ಎಂದಳಂತೆ ಆಕೆ.

ರಾಯರು ಸೋತು ಅದಕ್ಕೂ ಒಂದು ನಂಬರು ಕೊಟ್ಟರು. ಆಕೆ ಅರವತ್ತನ್ನೂ ಐದು ದಿನದಲ್ಲಿ ಬಾಯಿಪಾಠ ಮಾಡಿ ಹಾಳೆಯನ್ನು ಒಲೆಗೆ ಹಾಕಿದಳು. ರಾಯರ ಹತ್ತಿರ ಇನ್ನೊಂದು ಪ್ರತಿ ಉಳಿಯಿತು.

ಬೀಗಕ್ಕೆ ತಿಥಿ. ಆಗಿನ ಪತ್ರಗಳ ತಲೆಯ ಮೇಲೆ "ಶ್ರೀ" ಬರೆದು ಮಾಸ, ಪಕ್ಷ, ತಿಥಿ ಬರೆಯುವ ಪದ್ಧತಿ. ಪಾಡ್ಯಕ್ಕೆ ಒಂದು, ಬಿದಿಗೆಗೆ ಎರಡು, ಹುಣ್ಣಿಮೆ ಅಮಾವಾಸ್ಯೆಗಳಿಗೆ ಹದಿನೈದು. ವಾಕ್ಯದ ನಂಬರಿಗೆ ಅದನ್ನು ಕೂಡಿಸಿದರಾಯಿತು. ಬೀಗದ ಕೈ ಕಾರ್ಡಿನ ನೆತ್ತಿಯ ಮೇಲೇ ಇರುತ್ತಿತ್ತು, ಅದು ಬೀಗದ ಕೈ ಎಂದು ಯಾರಿಗೂ ಹೊಳೆಯುವಂತಿರಲಿಲ್ಲ.

ಇನ್ನು ಈ ಅಂಕಿಗಳನ್ನು ಯಾವ ನೆಪದಲ್ಲಿ ಕಾರ್ಡಿಗೆ ಹಾಕುವುದು? ರಾಯರ ತಂದೆ ಬಿಂದುಮಾಧವರಾಯರು ಕಾಲುವೆ ಖಾತೆಯಲ್ಲಿ ಮೂವತ್ತು ವರ್ಷ ದಿನಾ ಬೆಳಿಗ್ಗೆ ನೀರಿನ ಮಟ್ಟ ಅಳೆದು ಬರೆದಿಟ್ಟವರು. ನಿವೃತ್ತರಾದ ಮೇಲೂ ಎಲ್ಲಿ ಎಷ್ಟು ನೀರು ಎಂಬುದೊಂದೇ ಅವರ ಧ್ಯಾನ. ಮಗ ಕಾರ್ಡಿನ ಕೊನೆಗೆ ಪುಣೆಗೆ ನೀರು ಕೊಡುವ ಖಡಕವಾಸ್ಲಾ ಕೆರೆಯ ಮಟ್ಟ ಬರೆಯತೊಡಗಿದ. ಪಂಚಮಿಯ ಕಾರ್ಡೊಂದರಲ್ಲಿ ಹೀಗಿತ್ತಂತೆ: ಸೋಮವಾರ 41 ಅಡಿ, ಬುಧವಾರ 19 ಅಡಿ, ಶನಿವಾರ 63 ಅಡಿ. ಒಳಗೆ ಬೀಸುವ ಕಲ್ಲು ನಿಲ್ಲುತ್ತಿತ್ತು. ಕೃಷ್ಣಾಬಾಯಿ ಐದೈದು ಕಳೆದು ಮೂವತ್ತಾರು, ಹದಿನಾಲ್ಕು, ಐವತ್ತೆಂಟು ಮಾಡಿಕೊಳ್ಳುವಳು. "ಹೋಳಿಗಿ ತಿಂದೆ, ನಿನ್ನ ಕೈ ನೆನಪಾತು." "ಕೆಮ್ಮು ಕಡಿಮಿ ಆಗೇದ." "ನಿದ್ದಿ ಬರವಲ್ದು, ಕಣ್ಣಾಗ ನೀನ ಇದ್ದಿ." ಹೊರಗೆ ಕಟ್ಟೆಯ ಮೇಲಿನವರು ಪುಣೆಯಲ್ಲಿ ನೀರಿಗೇನು ಕಡಿಮೆ ಇಲ್ಲ ಎಂದು ತಲೆದೂಗುವರು. ಒಬ್ಬ ಗಂಡ ಅರ್ಧ ಓಣಿಯ ಎದುರು ಹೆಂಡತಿಗೆ ಇಂಥ ಮಾತು ಹೇಳಿದ್ದು ನಾನು ಇನ್ನೆಲ್ಲೂ ಕೇಳಿಲ್ಲ.

ಆಕೆಯ ಉತ್ತರ ಬಾವಿಯದು. ನೀರು ಸೇದುವಾಕೆ ಆಕೆಯೇ. ಕೊಡ ನೀರು ಮುಟ್ಟಲು ಹಗ್ಗ ಎಷ್ಟು ಗೇಣು ಇಳಿಯಿತು ಎಂದು ಮಾವನಿಗೆ ಬಾಗಿಲ ಮರೆಯಿಂದ ಹೇಳುವಳು, ಅವರು ಅದನ್ನು ತಮ್ಮ ಕಾರ್ಡಿನಲ್ಲಿ ಬರೆಯುವರು. ಆರು ವರ್ಷ ಆ ಇಬ್ಬರೂ ಒಂದು ಕೆರೆ, ಒಂದು ಬಾವಿಯ ಮೇಲೆ ಸಂಸಾರ ನಡೆಸಿದರು.

1918ರಲ್ಲಿ ದೇಶಕ್ಕೆಲ್ಲ ಆ ಇನ್‌ಫ್ಲುಯೆಂಜಾ ಜ್ವರ ಬಂತು. ಪುಣೆಯಲ್ಲಿ ಸ್ಮಶಾನಕ್ಕೆ ಕಟ್ಟಿಗೆ ಸಿಗದ ದಿನಗಳು. ಗೋಕಾಕದಿಂದ ಎರಡು ವಾರ ಕಾರ್ಡು ಬರಲಿಲ್ಲ. ಅಂಚೆಯವರೂ ಮಲಗಿದ್ದಾರೆ ಎಂದು ರಾಯರು ಸಮಾಧಾನ ಮಾಡಿಕೊಂಡರು. ಆಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕಾರ್ಡು ಕೈಗೆ ಬಂತು. ತಲೆಯ ಮೇಲೆ "ಶ್ರೀ" ಇರಲಿಲ್ಲ. ತಿಥಿ ಇರಲಿಲ್ಲ. ಸಾವಿನ ಸುದ್ದಿಯ ಕಾಗದ ಹಾಗೇ ಇರುತ್ತದೆ.

"ಚಿ. ಪ್ರಲ್ಹಾದನಿಗೆ. ಕೃಷ್ಣಾಬಾಯಿ ಜ್ವರದಿಂದ ತೀರಿಕೊಂಡಳು. ದೈವೇಚ್ಛೆ. ನೀನು ಗಟ್ಟಿಯಾಗಿರು. ಬಾವಿ 31 ಗೇಣು."

ನಮ್ಮ ಕಡೆ ಇಂಥ ಕಾಗದವನ್ನು ಇಟ್ಟುಕೊಳ್ಳುವುದಿಲ್ಲ. ಓದಿದ ಕೂಡಲೇ ಹರಿದು ಹೊರಗೆ ಚೆಲ್ಲಿ, ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ರಾಯರ ಕೈ ತಾನಾಗಿಯೇ ಕಾರ್ಡನ್ನು ನಾಲ್ಕು ಚೂರು ಮಾಡಿತು. ಬೀದಿಯ ಗಟಾರದಲ್ಲಿ ಬಿಟ್ಟು ಬಂದು ನಳದ ಕೆಳಗೆ ಕೂತರು. ತಣ್ಣೀರು ನೆತ್ತಿಗೆ ಬಿದ್ದಾಗ ಮೂವತ್ತೊಂದು ಎಂಬ ಅಂಕಿ ನೆನಪಾಯಿತು. ಓಡಿ ಹೊರಗೆ ಬಂದರು. ಚೂರುಗಳು ಹೋಗಿದ್ದವು.

ಅದು ಆಕೆಯ ಕೊನೆಯ ಮಾತು. ಯಾವ ತಿಥಿಯಲ್ಲಿ ಹೇಳಿದ್ದೆಂದು ತಿಳಿಯದೆ ಅದು ಬಿಚ್ಚುವುದಿಲ್ಲ. ಕ್ರಿಯೆಗೆ ಊರಿಗೆ ಹೋದಾಗ ಗೊತ್ತಾದದ್ದು ಇಷ್ಟೇ: ದಸರೆಯಂದು ಮಲಗಿದವಳು ಹುಣ್ಣಿಮೆ ದಾಟಿದ ಮೇಲೆ ವದ್ಯ ದ್ವಾದಶಿಗೆ ಹೋದಳು. ಹದಿನೆಂಟು ದಿನ. ಅಷ್ಟರಲ್ಲಿ ಪಾಡ್ಯದಿಂದ ಹುಣ್ಣಿಮೆಯವರೆಗಿನ ಎಲ್ಲ ತಿಥಿಗಳೂ ಬಂದುಹೋಗುತ್ತವೆ. ಮೂವತ್ತೊಂದರಿಂದ ಒಂದು ಕಳೆದರೆ ಮೂವತ್ತು, ಹದಿನೈದು ಕಳೆದರೆ ಹದಿನಾರು. ಬಾಗಿಲ ಹಿಂದಿನ ಹದಿನೈದು ಸಾಲು ಇವೇ. ಅವುಗಳಲ್ಲಿ ಒಂದನ್ನು ಆಕೆ ಹೇಳಿದ್ದಳು.

"ಪುಣೆದ ಏಳು ತಿಂಗಳ ನೆನಪಾಗತಾವ" ಎಂಬುದು ಇಪ್ಪತ್ತೆಂಟನೆಯದು. ಮನಸ್ಸು ಹಗುರಾದ ಆದಿತ್ಯವಾರಗಳಲ್ಲಿ ಚುಕ್ಕೆ ಅದರ ಮುಂದೆ ಬೀಳುತ್ತಿತ್ತು. "ಕಾದು ಕಾದು ಸಾಕಾತು" ಎಂಬುದು ಇಪ್ಪತ್ತೈದು. "ಬಂದು ಕರಕೊಂಡು ಹೋಗ್ರಿ" ಹತ್ತೊಂಬತ್ತು. ಎಲ್ಲಕ್ಕಿಂತ ಹೆಚ್ಚು ಚುಕ್ಕೆ ಇದ್ದದ್ದು ಹತ್ತೊಂಬತ್ತರ ಮುಂದೆ. ಒಂದು ಸಾಲಿನ ಮುಂದೆ ಮಾತ್ರ ಒಂದೂ ಚುಕ್ಕೆ ಇರಲಿಲ್ಲ. ಅದು ಆಕೆ ಹಟ ಹಿಡಿದು ಸೇರಿಸಿದ ವಾಕ್ಯ. ಸಾಯುವ ಹೊತ್ತಿನಲ್ಲಿ ಯಾರಾದರೂ ಸುದ್ದಿ ಇಲ್ಲ ಎನ್ನುತ್ತಾರೆಯೇ ಎಂದು ರಾಯರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ನಿಮ್ಮ ತಂದೀನ ಕೇಳಬಹುದಲ್ರಿ, ಯಾವ ದಿನ ಹೇಳಿದ್ಲಂತ," ಎಂದೆ ಒಮ್ಮೆ.

"ಏನಂತ ಕೇಳಲಿ? ನನ್ನ ಹೆಂಡತಿ ಕೂಡಿನ ಮಾತು ನಿಮ್ಮ ಬಾಯಿಲೆ ಓದಸಿದೆ ಅಂತ ಹೇಳಲಿ?"

ಅವರು ಪ್ರತಿ ವರ್ಷ ಶ್ರಾದ್ಧಕ್ಕೆ ಹೋಗುವರು, ತಂದೆಯ ಎದುರು ಎರಡು ದಿನ ಕೂರುವರು, ನೀರಿನ ಮಾತಾಡಿ ಎದ್ದು ಬರುವರು. ನಾಚಿಕೆಯೋ ನಾಚಿಕೆ. ಒಂದು ಪ್ರಶ್ನೆ ಕೇಳಲಾಗದೆ ಹದಿನೇಳು ವರ್ಷ ಒಂಟಿಯಾಗಿ ಚುಕ್ಕೆ ಇಟ್ಟ ಈ ಮನುಷ್ಯನನ್ನು ಹಿಡಿದು ಅಲುಗಾಡಿಸಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ನಾನೂ ಸುಮ್ಮನಿದ್ದೆ.

1936ರ ಆರಂಭದಲ್ಲಿ ಬಿಂದುಮಾಧವರಾಯರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಪುಣೆಗೆ ಬಂದರು. ಎಂಬತ್ತೆರಡು ವರ್ಷ, ಬೆನ್ನು ನೆಟ್ಟಗೆ, ದನಿ ಓಣಿ ದಾಟುವಂಥದು. ಮಗ ಎಷ್ಟು ಮೂಕನೋ ತಂದೆ ಅಷ್ಟು ಮಾತಿನ ಮಲ್ಲ. ಪಟ್ಟಿ ಬಿಚ್ಚಿ ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟ ಮೇಲೆ ಒಂದೇ ರಾಗ ತೆಗೆದರು. "ಆ ಖಡಕವಾಸ್ಲಾ ಕೆರಿ ಒಮ್ಮೆ ತೋರಸು. ನೋಡದ ನಾ ಊರಿಗೆ ಹೋಗೂದಿಲ್ಲ."

ಬಾಡಿಗೆ ಮೋಟಾರು ಮಾಡಿಕೊಂಡು ಒಂದು ಬೆಳಿಗ್ಗೆ ಮೂವರೂ ಹೋದೆವು. ಮುದುಕರನ್ನು ಕಟ್ಟೆಯ ಮೇಲೆ ನಡೆಸಿಕೊಂಡು ಹೋಗಿ ನಿಲ್ಲಿಸಿದೆವು. ಬಿಸಿಲಿಗೆ ನೀರು ಹೊಳೆಯುತ್ತಿತ್ತು. ಅವರಿಗೆ ಬೆಳಕು ಮಾತ್ರ ಕಂಡಿರಬೇಕು.

"ಶ್ಯಾಮರಾವ, ಗೋಡಿ ಮ್ಯಾಲೆ ಅಳತಿ ಗುರುತು ಇರತಾವ ನೋಡ್ರಿ. ನೀರು ಎಲ್ಲಿಗದ?"

ನೋಡಿ ಹೇಳಿದೆ. "ಐವತ್ತೆರಡು ಅಡಿ ಅದರಿ."

"ಹೋದ ವಾರ ಎಷ್ಟಿತ್ತಂತ ಅಲ್ಲಿ ಕಾವಲುಗಾರನ್ನ ಕೇಳ್ರಿ."

ಮರಾಠಿಯಲ್ಲಿ ಕೇಳಿದೆ. ಐವತ್ತೆರಡೂವರೆ ಎಂದ. ಮುದುಕರು ನಗತೊಡಗಿದರು. ಮೊದಲು ಭುಜ ಕುಣಿದವು, ಆಮೇಲೆ ದನಿ ಬಂತು.

"ವಾರಕ್ಕ ಆರ ಇಂಚ ನೋಡು. ಪ್ರಲ್ಹಾದಾ, ನಿನ್ನ ಕೆರಿ ಸೋಮವಾರ ನಲವತ್ತೊಂದು, ಬುಧವಾರ ಹತ್ತೊಂಬತ್ತು, ಶನಿವಾರ ಅರವತ್ಮೂರು ಆಗತಿತ್ತಲ್ಲೋ. ಅಷ್ಟ ನೀರ ಖರೇನ ಎರಡ ದಿನದಾಗ ಬಿಟ್ಟಿದ್ರ ಪುಣೆ ಊರ ಉಳೀತಿತ್ತೇನು?"

ರಾಯರ ಮುಖ ನೋಡಲಾಗಲಿಲ್ಲ. ಗುಟ್ಟಿನ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ ಮನುಷ್ಯ, ನೀರು ಬಲ್ಲವನಿಗೆ ನೀರಿನ ಸುಳ್ಳು ಹೇಳಿದ್ದರು. ಅದು ಅವರಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

"ಅಪ್ಪಾ, ನಿಮಗ ಗೊತ್ತಿತ್ತೇನು?"

"ಮೊದಲನೇ ಕಾರ್ಡಿಗೇ ಗೊತ್ತಾತು. ಏನ ಬರದೀ ಅನ್ನೂದು ಗೊತ್ತಿಲ್ಲ. ಗಂಡಹೆಂಡರ ಮಾತು, ಅದು ನನಗ ಯಾಕ ಬೇಕು? ಅಂಕಿ ಬಂತಂದ್ರ ಅಕಿ ಬೀಸೂದು ನಿಲ್ಲಸತಿದ್ಲು. ಅದಕ್ಕ ನಾ ಎರಡೆರಡು ಸಲ ಓದತಿದ್ದೆ, ಅಡಗಿ ಮನಿ ಕಡೆ ಮಾರಿ ಮಾಡಿ. ಬಾವಿ ಅಳತಿ ಹೇಳೂಕಿಂತ ಮೊದಲ, ದಿನಾ ಕೇಳತಿದ್ಲು, ಮಾವನವರ, ಇವತ್ತ ತಿಥಿ ಏನ್ರಿ ಅಂತ. ಬಾವಿಗೆ ಏಕಾದಶಿ ಏನು, ದ್ವಾದಶಿ ಏನು?" ಮತ್ತೆ ನಕ್ಕರು.

ರಾಯರು ಕಟ್ಟೆಯ ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಕಡೀ ಕಾರ್ಡಿನ್ಯಾಗ ಮೂವತ್ತೊಂದು ಅಂತ ಇತ್ತಲ್ಲ. ಅದು ಯಾವ ತಿಥಿದು?"

ಮುದುಕರ ನಗು ನಿಂತಿತು. "ಬರದಿದ್ನಲ್ಲೋ."

"ತಲಿ ಮ್ಯಾಲೆ ಇರಲಿಲ್ಲ."

"ಅಂಥಾ ಕಾಗದದ ತಲಿ ಮ್ಯಾಲೆ ಹ್ಯಾಂಗ ಬರೀಲಿ? ವಿಳಾಸದ ಮಗ್ಗಲಕ್ಕ, ಕೆಳಗ ಮೂಲ್ಯಾಗ ಸಣ್ಣದಾಗಿ ಬರದಿದ್ದೆ. ನವಮಿ ಅಂತ. ನೀ ತಿರಗಿಸಿ ನೋಡಲಿಲ್ಲೇನು?"

ಮುದುಕರು ಮಗನ ದನಿ ಇದ್ದ ಕಡೆಗೆ ಕೈ ಚಾಚಿ, ಅವನ ತೋಳು ಸಿಕ್ಕ ಮೇಲೆ ಹೇಳಿದರು. "ಹಾಸಿಗ್ಯಾಗ ಮಲಗೇ ತಿಥಿ ಕೇಳಿದ್ಲು. ನವಮಿ ಅಂದೆ. ಬಾವಿ ಮೂವತ್ತೊಂದು ಅಂತ ಬರೀರಿ ಅಂದ್ಲು. ಜಡ್ಡಿನ ಸುದ್ದಿ ಬರೀಬ್ಯಾಡ್ರಿ, ಕೇಳಿದ್ರ ಈ ಜ್ವರದಾಗ ಓಡಿ ಬರತಾರ ಅಂದ್ಲು. ತಪ್ಪಬಾರದಂತ ಅಂಕಿ ಎರಡ ಸಲ ಹೇಳಿಸಿಕೊಂಡೆ. ಅಂಚಿಯವನೂ ಮಲಗಿದ್ದ. ಕಾರ್ಡ ಬರಿಯೂದ್ರಾಗ ಅಕಿ ಹೋದ್ಲು."

ಮೂವತ್ತೊಂದರಿಂದ ಒಂಬತ್ತು ಕಳೆಯಲು ನನಗೆ ಹೊತ್ತು ಹಿಡಿಯಲಿಲ್ಲ. ದಿನಕ್ಕೆ ನೂರು ಲೆಕ್ಕ ಮನಸ್ಸಿನಲ್ಲೇ ಮಾಡುವ ರಾಯರು ಬೆರಳು ಮಡಿಸಿ ಎಣಿಸಿದರು. ಇಪ್ಪತ್ತೆರಡು. ಬಾಗಿಲ ಹಿಂದಿನ ಕಾಗದ ನನ್ನ ಕಣ್ಣ ಮುಂದೆ ಬಂತು. ಚುಕ್ಕೆ ಇಲ್ಲದ ಸಾಲು.

"ಇವತ್ತ ಏನೂ ಸುದ್ದಿ ಇಲ್ಲ," ಎಂದರು ರಾಯರು, ಮೆಲ್ಲಗೆ, ತಂದೆಗೆ ಕೇಳದಂತೆ. ಆಮೇಲೆ ಅಲ್ಲೇ ಕೂತು ಅತ್ತರು. ಐವತ್ತು ದಾಟಿದ ಮನುಷ್ಯ ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಮುದುಕರು ಏನು, ಏಕೆ ಎಂದು ಕೇಳಲಿಲ್ಲ. ನೀರಿನ ಕಡೆ ಮುಖ ಮಾಡಿ ಮಗನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತರು.

ಮೋಟಾರಿನಲ್ಲಿ ಬರುವಾಗ ರಾಯರು ನನಗೊಂದೇ ಮಾತು ಹೇಳಿದರು. "ಆರಾಮ ಇದ್ದೀನಿ ಅನ್ನಬಹುದಿತ್ತು, ಶ್ಯಾಮ. ಅದು ಸುಳ್ಳಾಗತಿತ್ತು. ಅನ್ನಲಿಲ್ಲ."

ಮರುದಿನ ಬಾಗಿಲ ಹಿಂದೆ ಕಾಗದ ಇರಲಿಲ್ಲ. ಅಂಟಿಸಿದ್ದ ಜಾಗ ಸುತ್ತಲಿನ ಬಣ್ಣಕ್ಕಿಂತ ಬೆಳ್ಳಗೆ ಉಳಿದಿತ್ತು. ಮನುಷ್ಯ ಹಗುರಾದರು ಎಂದು ಬರೆಯಲು ನನಗೆ ಇಷ್ಟ, ಆದರೆ ಅದು ನಿಜವಲ್ಲ. ಹದಿನೈದು ಸಾಲುಗಳಿದ್ದಾಗ ಆದಿತ್ಯವಾರಕ್ಕೆ ಒಂದು ಕೆಲಸವಿತ್ತು. ಈಗ ಚಹಾ ಹಿಡಿದು ಬರಿಯ ಬಾಗಿಲ ಮುಂದೆ ಕೂರುತ್ತಿದ್ದರು. ಎರಡು ವರ್ಷದ ಮೇಲೆ ತಂದೆಯೂ ಹೋದರು. ಯುದ್ಧ ಶುರುವಾದಾಗ ಖಾಸಗಿ ಗುಪ್ತಭಾಷೆಯಲ್ಲಿ ತಂತಿ ಕಳಿಸಕೂಡದೆಂದು ಸರಕಾರದ ಆಜ್ಞೆಯಾಯಿತು. ಶೇಠರು ಕೋಡ್ ಪುಸ್ತಕವನ್ನು ಕಪಾಟಿನ ಮೇಲೆ ಎಸೆದು ರಾಯರನ್ನು ಮರ್ಯಾದೆಯಿಂದ ಮನೆಗೆ ಕಳಿಸಿದರು. ನನ್ನನ್ನು ಸಾಂಗಲಿಯ ಅಂಗಡಿಗೆ ಹಾಕಿದರು.

ನಾನು ಸಾಂಗಲಿಗೆ ಹೋದ ಮೊದಲ ವಾರವೇ ರಾಯರ ಕಾರ್ಡು ಬಂತು. ಮೇಲೆ "ಶ್ರೀ. ಕಾರ್ತಿಕ ಶುದ್ಧ ಷಷ್ಠಿ." ಕೆಳಗೆ ಒಂದೇ ಸಾಲು: "ಖಡಕವಾಸ್ಲಾ 28 ಅಡಿ." ಆರು ಕಳೆದೆ. ಮುಂದಿನ ವಾರ ತ್ರಯೋದಶಿ, 35 ಅಡಿ. ಹದಿಮೂರು ಕಳೆದೆ. ಅದರ ಮುಂದಿನ ವಾರವೂ ಅಷ್ಟೇ. ಸುದ್ದಿ ಇಲ್ಲದ ಶಬ್ದಕ್ಕೆ ಜಾಗ ಕೊಡಬಾರದು ಎನ್ನುತ್ತಿದ್ದ ಮನುಷ್ಯ ಏಳು ವರ್ಷ, ವಾರ ತಪ್ಪದೆ, ಅದೊಂದನ್ನೇ ಬರೆದರು. ನನಗಾದರೂ ಏನು ಸುದ್ದಿಯಿತ್ತು? ನಾನೂ ತಿಥಿ ನೋಡಿ ಕೃಷ್ಣಾ ನದಿಯ ಮಟ್ಟ ಬರೆದು ಕಳಿಸುತ್ತಿದ್ದೆ.

1946ರ ಮಳೆಗಾಲದಲ್ಲಿ ಎರಡು ವಾರ ಕಾರ್ಡು ಬರಲಿಲ್ಲ. ಮೂರನೆಯ ವಾರ ರಂಗೂಬಾಯಿಯವರು ಮರಾಠಿಯಲ್ಲಿ ಬರೆಸಿದ ಕಾರ್ಡು ಬಂತು. ತಲೆಯ ಮೇಲೆ "ಶ್ರೀ" ಇರಲಿಲ್ಲ. ಓದಿದೆ. ಹರಿಯುವ ಮೊದಲು ಅದನ್ನು ತಿರುಗಿಸಿ ನೋಡಿದೆ. ವಿಳಾಸದ ಕಡೆ ವಿಳಾಸ ಮಾತ್ರ ಇತ್ತು.